ಈಜುಕೊಳದ ಹೊದಿಕೆ ಹರಿದಿದೆ: ತೇಪೆ ಹಾಕಿಸುವುದೋ, ಹೊಸದು ತರುವುದೋ?

ಕೊಳದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ 64 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಈಜುಕೊಳ 15 ಮೀಟರ್ ಉದ್ದ, 7 ಮೀಟರ್ ಅಗಲ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಚಳಿಗೆ ಯಾರೂ ಇಳಿಯುವುದಿಲ್ಲ. ಆಗ ಮೇಲೆ ನೀಲಿ ಟಾರ್ಪಾಲಿನ್ ಹಾಸಿ, ಸುತ್ತಲಿನ ಕೊಕ್ಕೆಗಳಿಗೆ ಹಗ್ಗದಿಂದ ಬಿಗಿಯುತ್ತೇವೆ. ಹೊದಿಕೆಗೆ ಐದು ವರ್ಷವಾಗಿದೆ. ಈ ಸಲ ಬಿಚ್ಚಿ ನೋಡಿದರೆ ಮೂರು ಕಡೆ ಮೊಳದುದ್ದ ಹರಿದಿದೆ. ಒಂದು ಬದಿಯ ಏಳೆಂಟು ಐಲೆಟ್‌ಗಳು (ಹಗ್ಗ ಪೋಣಿಸುವ ಲೋಹದ ಬಳೆಗಳು) ಬಟ್ಟೆಯ ಸಮೇತ ಕಿತ್ತು ಬಂದಿವೆ.

ತೇಪೆ ಹಾಕಿ, ಅಂಚು ಹೊಲಿದು, ಹೊಸ ಐಲೆಟ್ ಬಡಿದು ಕೊಡಲು ಒಬ್ಬರು 18,000 ರೂಪಾಯಿ ಕೇಳಿದ್ದಾರೆ. ಹೊಸ ಹೊದಿಕೆಗೆ 75,000. ಭಾನುವಾರ ಸಂಘದ ಸಭೆ ಇದೆ. ಅರ್ಧ ಜನ ಹೊಸದನ್ನೇ ತನ್ನಿ ಎನ್ನುತ್ತಿದ್ದಾರೆ, ಇನ್ನರ್ಧ ಜನ ನಿರ್ವಹಣಾ ಶುಲ್ಕ ಏರಿಸಿದರೆ ಸುಮ್ಮನಿರುವುದಿಲ್ಲ ಎನ್ನುತ್ತಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ನೇಸರ
ಹೊಸದು ತನ್ನಿ. ಐದು ವರ್ಷ ದುಡಿದಿದೆ, ಸಾಕು.

ಲೆಕ್ಕದ ಪುಸ್ತಕ
ಅಷ್ಟು ಬೇಗ ತೀರ್ಪು ಬೇಡ ನೇಸರ ಅವರೇ. 75,000 ಕೊಟ್ಟು ತಂದದ್ದು ಆರು ವರ್ಷ ಬಂದರೆ ವರ್ಷಕ್ಕೆ 12,500. ತೇಪೆಯ 18,000 ಎರಡು ವರ್ಷ ತಳ್ಳಿದರೆ ವರ್ಷಕ್ಕೆ 9,000. ಒಂದೇ ವರ್ಷಕ್ಕೆ ಮತ್ತೆ ಹರಿದರೆ ಪೂರ್ತಿ 18,000 ಹೋಯಿತು, ಹೊಸದರ ಖರ್ಚೂ ತಪ್ಪಲಿಲ್ಲ. ತೇಪೆ ಎರಡು ಚಳಿಗಾಲ ದಾಟುತ್ತದೆಯೇ ಎಂಬುದು ಗೊತ್ತಾದರೆ ಸಭೆಯಲ್ಲಿ ಜಗಳವೇ ಇರುವುದಿಲ್ಲ.

ಮಳೆಮರ
ದಾಟುತ್ತದೆ ಎಂದು ಯಾರು ಬರೆದುಕೊಡುತ್ತಾರೆ?

ಟಾರ್ಪಾಲಿನ್ ಕೆಲಸ
ಬರೆದುಕೊಡಲು ಆಗುವುದಿಲ್ಲ, ಆದರೆ ಬಟ್ಟೆಯೇ ಹೇಳುತ್ತದೆ. 22 ವರ್ಷದಿಂದ ಲಾರಿ ಟಾರ್ಪಾಲಿನ್, ಪೆಂಡಾಲ್, ಕೊಳದ ಹೊದಿಕೆ ಹೊಲಿಯುತ್ತಿದ್ದೇನೆ. ಹರಿದ ಜಾಗವನ್ನು ನೋಡಿ ನಾನು ಎಂದೂ ಬೆಲೆ ಹೇಳುವುದಿಲ್ಲ, ಹರಿಯದ ಜಾಗವನ್ನು ನೋಡುತ್ತೇನೆ.

ಸಾರ್, ಹೀಗೆ ಮಾಡಿ. ಬಿಸಿಲು ಹೆಚ್ಚು ಬೀಳುವ ಅಂಚಿನಲ್ಲಿ, ಹರುಕಿನಿಂದ ಎರಡು ಅಡಿ ದೂರದಲ್ಲಿ, ಬಟ್ಟೆಯನ್ನು ಗಟ್ಟಿಯಾಗಿ ಮಡಿಚಿ ಉಗುರಿನಿಂದ ಒತ್ತಿ ಬಿಡಿಸಿ. ಮಡಿಕೆಯ ಮೇಲೆ ಬಿರುಕು ಬಿಟ್ಟು ಒಳಗಿನ ನೂಲು ಕಂಡರೆ ಲೇಪ ಸತ್ತಿದೆ ಎಂದರ್ಥ. ಆಮೇಲೆ ಹರುಕಿನ ಬದಿಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಎರಡೂ ಕೈಯಲ್ಲಿ ಎಳೆಯಿರಿ. ಒಳಗೆ ಪಾಲಿಯೆಸ್ಟರ್ ನೇಯ್ಗೆ ಗಟ್ಟಿಯಾಗಿದ್ದರೆ ಕೈಯಲ್ಲಿ ಹರಿಯುವ ಮಾತೇ ಇಲ್ಲ. ಕಾಗದದಂತೆ ಹರಿದರೆ ಅದಕ್ಕೆ ತೇಪೆ ಹಾಕಬೇಡಿ. ತೇಪೆ ಗಟ್ಟಿಯಾಗಿ ನಿಲ್ಲುತ್ತದೆ, ಅದರ ಅಂಚಿನಲ್ಲಿ ಹಳೆಯ ಬಟ್ಟೆ ಹರಿದುಕೊಂಡು ಹೋಗುತ್ತದೆ. ಆಗ ಬೈಗುಳ ನಮಗೆ.

ಹೊಂಗೆ ನೆರಳು
ಇದನ್ನು ಓದಿ ನಮ್ಮ ಮನೆಯ ಕಾರಿನ ಹೊದಿಕೆಯನ್ನು ಎಳೆದು ನೋಡಿದೆ. ಕೈಯಲ್ಲೇ ಬಂತು!

ರಸಾಯನ ಮೇಷ್ಟ್ರು
ಲೇಪ ಯಾಕೆ ಸಾಯುತ್ತದೆ ಎಂಬುದನ್ನೂ ಹೇಳುತ್ತೇನೆ. ಇಂಥ ಬಟ್ಟೆಯ ಲೇಪ ಸಾಮಾನ್ಯವಾಗಿ ಪಿವಿಸಿ ಎಂಬ ಪ್ಲಾಸ್ಟಿಕ್. ಅದು ಹುಟ್ಟುವಾಗ ಗಡುಸು ವಸ್ತು. ನಮ್ಮ ಮನೆಯ ನಲ್ಲಿ ಪೈಪೂ ಅದೇ. ಅದನ್ನು ಬಟ್ಟೆಯಂತೆ ಮೆದುವಾಗಿಸಲು ಒಳಗೆ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಬಿಸಿಲು, ಶಾಖ, ಕ್ಲೋರಿನ್ ಸೇರಿ ವರ್ಷ ಕಳೆದಂತೆ ಆ ಮೆದುತನ ಹೋಗುತ್ತದೆ. ಉಳಿಯುವುದು ಗಡುಸಾದ, ಸೀಳುವ ಲೇಪ.

ಒಂದು ತಪ್ಪನ್ನು ಬಹಳ ಕಡೆ ಕಂಡಿದ್ದೇನೆ. ಕೊಳ ಮುಚ್ಚುವ ದಿನ ನೀರು ಕೆಡಬಾರದೆಂದು ಕ್ಲೋರಿನ್ ಜಾಸ್ತಿ ಸುರಿದು ಆ ಸಂಜೆಯೇ ಹೊದಿಕೆ ಎಳೆದುಬಿಡುತ್ತಾರೆ. ಮೇಲೇಳುವ ಅನಿಲಕ್ಕೆ ಹೋಗಲು ದಾರಿಯಿಲ್ಲದೆ ಅದು ಹೊದಿಕೆಯ ಅಡಿಭಾಗವನ್ನೇ ತಿನ್ನುತ್ತದೆ. ಕ್ಲೋರಿನ್ ಮಟ್ಟ ಮಾಮೂಲಿಗೆ ಇಳಿಯುವ ತನಕ ಕೊಳವನ್ನು ತೆರೆದೇ ಇಡಬೇಕು.

ಕೊಳದ ಕಾರ್ಯದರ್ಶಿ
ಮೇಷ್ಟ್ರೇ, ನಾವು ಐದು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಯಾರೂ ಹೇಳಿರಲಿಲ್ಲ.

ಕೊಡಗಿನ ಹೋಂಸ್ಟೇ
ನಮ್ಮದು ಸಣ್ಣ ಬಿಸಿನೀರಿನ ಕೊಳ. ಗುಳ್ಳೆಗುಳ್ಳೆ ಇರುವ ತೆಳು ಹೊದಿಕೆ ತೇಲಿಬಿಟ್ಟಿದ್ದೆವು. ಮೂರನೆಯ ವರ್ಷ ಗುಳ್ಳೆಗಳು ಉದುರಲು ಶುರುವಾಗಿ ನೀಲಿ ಚೂರುಗಳು ಫಿಲ್ಟರ್‌ಗೆ ಸಿಕ್ಕಿಕೊಂಡವು. ಅದಕ್ಕೆ ತೇಪೆಯೂ ಇಲ್ಲ, ಹೊಲಿಗೆಯೂ ಇಲ್ಲ. ಬದಲಾಯಿಸಿದೆವು. ಬಿಸಿನೀರಿನ ಕೊಳಕ್ಕೆ ಹೊದಿಕೆ ಇಲ್ಲದೆ ಆಗುವುದೇ ಇಲ್ಲ. ಅಮೆರಿಕದ ಇಂಧನ ಇಲಾಖೆ ಹೇಳುವಂತೆ ಬಯಲಿನ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಸುಮಾರು ಶೇಕಡ 70 ಆವಿಯ ಜೊತೆಗೇ ಹೋಗುತ್ತದೆ. ನಮ್ಮ ಕರೆಂಟ್ ಬಿಲ್ಲಿನಲ್ಲಿ ಅದು ನಮಗೆ ಕಾಣುತ್ತಿತ್ತು.

ಮಳೆಮರ
ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೊಳಕ್ಕೆ ಯಾರು ನೀರು ಕಾಯಿಸುತ್ತಾರೆ? ವಿಷಯಕ್ಕೆ ಬನ್ನಿ.

ಕೆರೆಯ ಮಗಳು
ವಿಷಯಕ್ಕೇ ಬರುತ್ತೇನೆ. ಈಜುಕೊಳವೇ ಯಾಕೆ ಬೇಕು? 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಿಂದಿಗೆ ಹಿಡಿದು ಟ್ಯಾಂಕರ್‌ಗೆ ಕಾದದ್ದು ಮರೆತುಹೋಯಿತೇ? ಆ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. 75,000 ಕೊಟ್ಟು ಹೊದಿಕೆ ತರುವ ಬದಲು ಮಳೆನೀರು ಇಂಗಿಸುವ ಗುಂಡಿ ತೋಡಿಸಿ.

ಲೆಕ್ಕದ ಪುಸ್ತಕ
ಕೋಪ ನ್ಯಾಯವಾದದ್ದೇ. ಆದರೆ ಕೊಳ ಈಗಾಗಲೇ ಇದೆ, ಅದರಲ್ಲಿ ಲಕ್ಷಕ್ಕೂ ಹೆಚ್ಚು ಲೀಟರ್ ನೀರಿದೆ. 15 × 7 ಎಂದರೆ 105 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 525 ಲೀಟರ್. ಮುಚ್ಚಿರುವ 100 ದಿನಕ್ಕೆ 52,500 ಲೀಟರ್. ಅಂದರೆ 12,000 ಲೀಟರಿನ ನಾಲ್ಕಕ್ಕೂ ಹೆಚ್ಚು ಟ್ಯಾಂಕರ್. ನಮ್ಮ ಬಡಾವಣೆಯಲ್ಲಿ ಟ್ಯಾಂಕರ್‌ಗೆ 1,500 ಕೊಡುತ್ತೇವೆ, ಆ ಲೆಕ್ಕದಲ್ಲಿ ಸುಮಾರು 6,500 ರೂಪಾಯಿ. ನೀರಿನ ಹಣವೊಂದರಿಂದಲೇ ಹೊಸ ಹೊದಿಕೆಯ ಬೆಲೆ ಹುಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ಹೊದಿಕೆ ಇಲ್ಲದಿದ್ದರೆ ಆ ನೀರು ಗಾಳಿಗೆ ಹೋಗುವುದಂತೂ ನಿಜ.

ಕೆರೆಯ ಮಗಳು
ಹಾಗಾದರೆ ಖಾಲಿ ಮಾಡಿ ಗಿಡಗಳಿಗೆ ಬಿಡಿ.

ಸಿವಿಲ್ ಹಳಬ
ಖಾಲಿ ಮಾಡಬೇಡಿ! ನೀರಿನ ಭಾರವೇ ಕೊಳವನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ. ಮಳೆಗಾಲ ಮುಗಿದು ನೆಲದಲ್ಲಿ ನೀರು ಮೇಲೆ ಬಂದಿರುವಾಗ ಕೊಳ ಖಾಲಿ ಇದ್ದರೆ ಅಡಿಯ ಒತ್ತಡಕ್ಕೆ ತಳ ಉಬ್ಬಿ ಟೈಲ್ಸ್ ಏಳುತ್ತವೆ. ಅದರ ದುರಸ್ತಿಯ ಮುಂದೆ 75,000 ಏನೂ ಅಲ್ಲ. ಕ್ಲೋರಿನ್ ನೀರನ್ನು ನೇರವಾಗಿ ಗಿಡಕ್ಕೆ ಬಿಡುವುದೂ ತಪ್ಪು.

ನೇಸರ
ಶುದ್ಧೀಕರಿಸಿದ ಚರಂಡಿ ನೀರನ್ನು ಕೊಳಕ್ಕೆ ತುಂಬಿದರೆ?

ರಸಾಯನ ಮೇಷ್ಟ್ರು
ಬೇಡ. ಮಕ್ಕಳ ಬಾಯಿಗೆ, ಕಣ್ಣಿಗೆ ಹೋಗುವ ನೀರು ಅದು. ಆ ನೀರು ಶೌಚಾಲಯದ ಫ್ಲಶ್‌ಗೆ, ತೋಟಕ್ಕೆ ಇರಲಿ.

ಎರಡು ಮಕ್ಕಳ ತಾಯಿ
ನೀರು, ಹಣ ಎಲ್ಲ ಬಂತು. ಮಕ್ಕಳ ಮಾತು ಈಗ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹಿಂದೆ ಇದ್ದ ಅಪಾರ್ಟ್‌ಮೆಂಟಿನಲ್ಲಿಯೂ ಇಂಥದ್ದೇ ನೀಲಿ ಟಾರ್ಪಾಲಿನ್ ಇತ್ತು. ರಾತ್ರಿ ಮಳೆ ಬಂದು ಅದರ ಮಧ್ಯದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಬೆಳಿಗ್ಗೆ ಕಾವಲುಗಾರರ ನಾಯಿಮರಿ ನೀರು ಕುಡಿಯಲೆಂದು ಹೊದಿಕೆಯ ಮೇಲೆ ಕಾಲಿಟ್ಟಿತು. ಹೊದಿಕೆ ಜಾರಿ, ಅದರ ಸುತ್ತ ಸುತ್ತಿಕೊಂಡು ಒಳಕ್ಕೆ ಎಳೆದುಕೊಂಡಿತು. ನಾನು ಬಾಲ್ಕನಿಯಲ್ಲಿದ್ದೆ. ನಾಯಿ ಎಲ್ಲಿದೆ ಎಂದೇ ಕಾಣಲಿಲ್ಲ, ನೀಲಿ ಬಟ್ಟೆ ಅಲುಗಾಡುವುದು ಮಾತ್ರ ಕಾಣುತ್ತಿತ್ತು. ಕಾವಲುಗಾರರು ಹಗ್ಗ ಕತ್ತರಿಸಿ ಅದನ್ನು ಉಳಿಸಿದರು. ಆ ದಿನ ನನ್ನ ಮಗನಿಗೆ ಮೂರು ವರ್ಷ. ಅವನು ಆ ನಾಯಿಯ ಹಿಂದೆಯೇ ಓಡಾಡುತ್ತಿದ್ದ.

ಹೊದಿಕೆ ಇದೆ ಎಂದು ಜನ ಗೇಟಿನ ಬೀಗ ಹಾಕುವುದನ್ನು ಬಿಡುತ್ತಾರೆ. ತೆರೆದ ನೀರಿಗಿಂತ ಸಡಿಲ ಟಾರ್ಪಾಲಿನ್ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಹೊಂಗೆ ನೆರಳು
ಅಕ್ಕಾ, ಓದಿ ಕೈ ನಡುಗಿತು.

ನ್ಯೂಜೆರ್ಸಿ ಕನ್ನಡತಿ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ಇಲ್ಲಿ ನಾವು ಸೆಪ್ಟೆಂಬರ್ ಕೊನೆಗೆ ಕೊಳ ಮುಚ್ಚಿದರೆ ತೆರೆಯುವುದು ಮೇ ತಿಂಗಳಿಗೆ. ನಡುವೆ ಹಿಮ ಬೀಳುತ್ತದೆ. ಇಲ್ಲಿ ಎಲೆ, ಕಸ ತಡೆಯುವ ಹೊದಿಕೆಯೇ ಬೇರೆ, ಸುರಕ್ಷತಾ ಹೊದಿಕೆಯೇ ಬೇರೆ. ಸುರಕ್ಷತಾ ಹೊದಿಕೆಗೆ ಮಾನದಂಡ ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಎಫ್1346 ಎಂಬ ಮಾನದಂಡ ಇದೆ. 8 ಅಡಿಗಿಂತ ಅಗಲವಾದ ಕೊಳದ ಹೊದಿಕೆ 485 ಪೌಂಡ್, ಅಂದರೆ ಸುಮಾರು 220 ಕಿಲೋ ಭಾರ ತಡೆಯಬೇಕು. ಇಬ್ಬರು ದೊಡ್ಡವರು ಮತ್ತು ಒಂದು ಮಗುವಿನ ತೂಕವನ್ನು ಲೆಕ್ಕ ಹಿಡಿದು ಇಟ್ಟ ಅಳತೆ ಅದು. ಮಗು ಬಿದ್ದರೆ ಅದನ್ನು ಎತ್ತಲು ಓಡುವವರ ಭಾರವೂ ಅದರ ಮೇಲೆಯೇ ಬೀಳುತ್ತದಲ್ಲ! ಮೇಲೆ ನೀರು ನಿಲ್ಲಬಾರದೆಂಬ ನಿಯಮವೂ ಅದರಲ್ಲಿದೆ. ನಮ್ಮದು ಜಾಲರಿ ಬಟ್ಟೆ, ಮಳೆನೀರು ಸೋರಿ ಕೆಳಗಿಳಿಯುತ್ತದೆ.

ದುರಸ್ತಿಯ ಬಗ್ಗೆ: ನಮ್ಮ ಹೊದಿಕೆಗೆ 11 ವರ್ಷ. ಎರಡು ಸ್ಪ್ರಿಂಗ್, ಒಂದು ಪಟ್ಟಿ ಬದಲಾಯಿಸಿದ್ದೇವೆ. ಜಿಂಕೆಯ ಗೊರಸು ಚುಚ್ಚಿದ ಒಂದು ತೂತಿಗೆ ತೇಪೆ ಹಾಕಿದ್ದೇವೆ. ಅಷ್ಟೇ. ಬಟ್ಟೆ ಇನ್ನೂ ಗಟ್ಟಿ. ಆದರೆ ಹೊಲಿಗೆಯ ದಾರ ಕೈಯಲ್ಲಿ ಪುಡಿಯಾಗುವ ದಿನ ಬಂದರೆ ನಾನು ಒಂದು ಗಂಟೆಯೂ ಯೋಚಿಸುವುದಿಲ್ಲ.

ಸಿಡ್ನಿ ರಾಯರು
ಆಸ್ಟ್ರೇಲಿಯಾದಲ್ಲಿ ಹೊದಿಕೆಯನ್ನು ತಡೆಗೋಡೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೇಲಿ ಬೇಕೇ ಬೇಕು. ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ ಕನಿಷ್ಠ 1.2 ಮೀಟರ್ ಎತ್ತರ, ಗೇಟು ತಾನಾಗಿ ಮುಚ್ಚಿಕೊಂಡು ಚಿಲಕ ಬೀಳಬೇಕು. ಬೇಲಿ ಮೊದಲು, ಹೊದಿಕೆ ಆಮೇಲೆ.

ಮಳೆಮರ
ಜಿಂಕೆ, ಹಿಮ! ನಮ್ಮಲ್ಲಿ ಪಾರಿವಾಳದ ಹಿಕ್ಕೆ ಒಂದೇ ಸಾಕು ಹೊದಿಕೆ ಹಾಳುಮಾಡಲು. ಕಾರ್ಯದರ್ಶಿಗಳೇ, ಮೂರು ಹರುಕು ಎಂದಿರಲ್ಲ, ಅವು ಎಲ್ಲೆಲ್ಲಿವೆ? ಚದುರಿವೆಯೋ, ಒಂದೇ ಕಡೆ ಇವೆಯೋ?

ಚಳ್ಳಕೆರೆ ರೈತ
ಒಳ್ಳೆಯ ಪ್ರಶ್ನೆ. ನಾನು ಈಜುಕೊಳ ಕಂಡವನಲ್ಲ, ಆದರೆ ನೀರಿನ ಜೊತೆ ಪ್ಲಾಸ್ಟಿಕ್ ಹಾಳೆಯ ಸಂಸಾರ ಗೊತ್ತು. ನಮ್ಮ ಹೊಲದಲ್ಲಿ ಕೃಷಿ ಭಾಗ್ಯ ಯೋಜನೆಯಲ್ಲಿ ಮಾಡಿಸಿದ ಹೊಂಡ ಇದೆ. ಹಾಳೆ ನಮ್ಮದು ತಳಕ್ಕೆ, ನಿಮ್ಮದು ಮೇಲಕ್ಕೆ, ಅಷ್ಟೇ ವ್ಯತ್ಯಾಸ. ನೀರಿನೊಳಗೆ ಮುಳುಗಿದ ಹಾಳೆಗೆ ಏನೂ ಆಗಿಲ್ಲ. ನೀರು ಇಳಿದಾಗ ಬಿಸಿಲಿಗೆ ಒಡ್ಡಿಕೊಳ್ಳುವ ಮೇಲಿನ ಎರಡು ಅಡಿ ಮಾತ್ರ ಸುಟ್ಟ ಹಪ್ಪಳದಂತೆ ಮುರಿಯುತ್ತದೆ. ನಾನು ಇಡೀ ಹಾಳೆ ಬದಲಾಯಿಸಲಿಲ್ಲ, ಮೇಲಿನ ಪಟ್ಟಿಯನ್ನು ಕತ್ತರಿಸಿ ಹೊಸ ಪಟ್ಟಿಯನ್ನು ಬಿಸಿಗಾಳಿಯ ಯಂತ್ರದಿಂದ ಬೆಸೆಸಿದೆ.

ಇನ್ನೊಂದು ಸಲ ನಟ್ಟನಡುವೆ ಸೋರಲು ಶುರುವಾಯಿತು. ತೇಪೆ ಹಾಕಿಸಿದೆ. ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ತೂತು. ತೆಗೆದು ನೋಡಿದರೆ ಅಡಿಯಲ್ಲಿ ಚೂಪು ಕಲ್ಲು. ಕಲ್ಲು ಕಿತ್ತ ಮೇಲೆ ಹಾಕಿದ ತೇಪೆ ಇವತ್ತಿಗೂ ನಿಂತಿದೆ. ಹರಿದದ್ದು ಯಾಕೆ ಎಂದು ಕಂಡುಕೊಳ್ಳದೆ ಹೊಸದು ತಂದರೆ ಅದೂ ಅಲ್ಲೇ ಹರಿಯುತ್ತದೆ.

ಅಕ್ಕ ಬರೆದದ್ದಕ್ಕೆ ಒಂದು ಮಾತು. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲಿಟ್ಟವರು ಹತ್ತಿ ಬರಲಾರರು. ಅದಕ್ಕೇ ನಾವು ಹೊಂಡದ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ಸುತ್ತ ಬೇಲಿ ಹಾಕಿದ್ದೇವೆ.

ಎರಡು ಮಕ್ಕಳ ತಾಯಿ
ಅಣ್ಣಾ, ಗಂಟಿನ ಹಗ್ಗದ ಮಾತನ್ನು ನಮ್ಮ ಸಂಘಕ್ಕೆ ಇವತ್ತೇ ಹೇಳುತ್ತೇನೆ.

ನೇಸರ
ಸಣ್ಣ ಹರುಕಿಗೆ ಅಂಗಡಿಯಲ್ಲಿ ಸಿಗುವ ಅಂಟು ಹಚ್ಚಿದರೆ ಆಗದೇ? 18,000 ಯಾಕೆ?

ಟಾರ್ಪಾಲಿನ್ ಕೆಲಸ
ಯಾವ ಬಟ್ಟೆ ಎಂದು ಗೊತ್ತಿಲ್ಲದೆ ಅಂಟು ಹಚ್ಚಬೇಡಿ. ಚಿಕ್ಕ ಚೂರು ಕತ್ತರಿಸಿ ಬಕೆಟ್ ನೀರಿನಲ್ಲಿ ಅದ್ದಿ, ಗಾಳಿಗುಳ್ಳೆ ಹೋಗುವಂತೆ ಒತ್ತಿ ಬಿಡಿ. ಮುಳುಗಿದರೆ ಪಿವಿಸಿ, ತೇಲಿದರೆ ಪಾಲಿಥೀನ್. ಪಿವಿಸಿಗೆ ಅದರದೇ ಅಂಟು ಇದೆ, ಬಿಸಿಗಾಳಿಯ ಬೆಸುಗೆಯೂ ಹಿಡಿಯುತ್ತದೆ. ಪಾಲಿಥೀನ್‌ಗೆ ಅಂಟು ಹಿಡಿಯುವುದೇ ಇಲ್ಲ, ಬೆಸೆಯಬೇಕು.

ಪಿವಿಸಿ ಆದರೆ ಮೊದಲು ಕೊಳೆ, ಪಾಚಿ ತೊಳೆದು, ಪೂರ್ತಿ ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ. ತೇಪೆ ಹರುಕಿಗಿಂತ ಎಲ್ಲ ಕಡೆ ಮೂರು ಬೆರಳು ದೊಡ್ಡದಿರಲಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೌಕ ಮೂಲೆ ಮೊದಲು ಏಳುತ್ತದೆ. ಎರಡೂ ಮಗ್ಗುಲಿಗೆ ಹಾಕಿ. ನಡುವಿನಲ್ಲಿರುವ ಸಣ್ಣ ತೂತನ್ನು ನೀವೇ ಮಾಡಬಹುದು. ಅಂಚು ಮತ್ತು ಐಲೆಟ್ ಕೆಲಸ ಮಾತ್ರ ಕಸುಬಿನವರಿಗೆ ಬಿಡಿ, ಎಳೆತ ಎಲ್ಲ ಅಲ್ಲಿಯೇ.

ಸಿವಿಲ್ ಹಳಬ
ಐಲೆಟ್ ಕಿತ್ತು ಬರಲು ಕಾರಣ ಮಳೆ ಇರಬೇಕು. ಅಷ್ಟು ಅಗಲದ ಮೇಲೆ ಎರಡು ಸೆಂಟಿಮೀಟರ್ ನೀರು ನಿಂತರೆ 2,100 ಲೀಟರ್, ಎರಡು ಟನ್. ಹಗ್ಗವನ್ನು ವೀಣೆಯ ತಂತಿಯಂತೆ ಬಿಗಿದಿದ್ದರೆ ಆ ಭಾರವನ್ನು ಐಲೆಟ್‌ಗಳೇ ಹೊರಬೇಕು. ಎಳೆದರೆ ಹಿಗ್ಗುವ ರಬ್ಬರ್ ಹಗ್ಗ ಹಾಕಿ, ಮಳೆ ಬಂದ ಬೆಳಿಗ್ಗೆ ಸಣ್ಣ ಪಂಪಿನಿಂದ ನೀರು ಹೊರಹಾಕಿಸಿ.

ಕೊಳದ ಕಾರ್ಯದರ್ಶಿ
ಎಲ್ಲರ ಮಾತನ್ನೂ ಕಾಗದದಲ್ಲಿ ಬರೆದುಕೊಂಡು ಕೊಳದ ಹತ್ತಿರ ಎರಡು ಗಂಟೆ ಕಳೆದು ಬಂದೆ. ಕಂಡದ್ದು ಇಷ್ಟು.

ಚೂರು ಮುಳುಗಿತು. ಪಿವಿಸಿ. ಮೂರು ಹರುಕುಗಳೂ ಏಣಿಯ ಕಡೆಯೇ ಇವೆ! ಸ್ಟೀಲ್ ಏಣಿಯ ಹಿಡಿಕೆಯ ಬುಡದಲ್ಲಿ ಒಂದು ಬೋಲ್ಟು ಮೇಲೆದ್ದಿದೆ, ಕೈಯಿಟ್ಟರೆ ಬ್ಲೇಡಿನಂತಿದೆ. ಹೊದಿಕೆಯನ್ನು ಎಳೆಯುವಾಗಲೆಲ್ಲ ಅದಕ್ಕೇ ಉಜ್ಜಿದೆ. ಚಳ್ಳಕೆರೆಯವರ ಕಲ್ಲು ನಮ್ಮಲ್ಲಿ ಬೋಲ್ಟಾಗಿ ಕುಳಿತಿದೆ.

ಪಟ್ಟಿ ಎಳೆದು ನೋಡಿದೆ, ಹರಿಯಲಿಲ್ಲ. ಆದರೆ ಪಶ್ಚಿಮದ ಅಂಚನ್ನು ಮಡಿಚಿದಾಗ ಬಿರುಕು ಬಿಟ್ಟು ನೂಲು ಕಂಡಿತು. ಒಂದು ಅಡಿಯ ಅಗಲಕ್ಕೆ ಉದ್ದಕ್ಕೂ ಹಾಗೆಯೇ ಇದೆ. ಉಳಿದ ಮೂರು ಬದಿ, ನಡುಭಾಗ ಮೆದುವಾಗಿಯೇ ಇವೆ.

ಟಾರ್ಪಾಲಿನ್ ಕೆಲಸ
ಹಾಗಾದರೆ ಬದಲಾಯಿಸುವ ಅಗತ್ಯ ಈ ವರ್ಷ ಇಲ್ಲ ಸಾರ್. ಪಶ್ಚಿಮದ ಅಂಚನ್ನು ಪೂರ್ತಿ ಕತ್ತರಿಸಿ ಒಂದೂವರೆ ಅಡಿಯ ಹೊಸ ಪಟ್ಟಿ ಬೆಸೆಯಲು ಹೇಳಿ. ಬರೀ ತೇಪೆಗೆ ಒಪ್ಪಬೇಡಿ. ಒಟ್ಟು ಎರಡು ಚಳಿಗಾಲ ಬರುತ್ತದೆ. ಮೂರನೆಯದನ್ನು ನಿರೀಕ್ಷಿಸಬೇಡಿ. ಒಣಗಿದ್ದಾಗಲೇ ಅದು 80 ಕಿಲೋ ತೂಗುತ್ತದೆ, ಇಬ್ಬರು ಸೇರಿ ನೆಲದ ಮೇಲೆ ಎಳೆಯುವುದು ಬೇಡ. ನಾಲ್ಕು ಜನ ಎತ್ತಿ ಸುತ್ತಲಿ.

ಲೆಕ್ಕದ ಪುಸ್ತಕ
ಎರಡು ಚಳಿಗಾಲ ಅಂದರೆ ವರ್ಷಕ್ಕೆ 9,000. ನಾನು ತೇಪೆಯ ಕಡೆ.

ಎರಡು ಮಕ್ಕಳ ತಾಯಿ
ನಾನು ಒಪ್ಪುವುದಿಲ್ಲ. ಗಟ್ಟಿ ಬಟ್ಟೆಯಾದರೂ ಅದು ಟಾರ್ಪಾಲಿನ್ನೇ. ಮಗುವಿನ ಭಾರ ತಡೆಯುತ್ತದೆಯೇ? ತಡೆಯುವುದಿಲ್ಲ. ಹೊಸ 75,000ದ ಹೊದಿಕೆಯೂ ಅದೇ ಬಗೆಯದಾದರೆ ಅದೂ ತಡೆಯುವುದಿಲ್ಲ. ಖರ್ಚು ಮಾಡುವುದಾದರೆ ಬೇಲಿಗೆ ಮಾಡಿ.

ನ್ಯೂಜೆರ್ಸಿ ಕನ್ನಡತಿ
ನನ್ನದೂ ಇದೇ ಮಾತು. ಅದೇ ಬಗೆಯ ಹೊಸ ಟಾರ್ಪಾಲಿನ್‌ಗೆ 75,000 ಕೊಡಬೇಡಿ. ಈಗ ದುರಸ್ತಿ ಮಾಡಿಸಿ, ಎರಡು ವರ್ಷ ಹಣ ಕೂಡಿಸಿ, ನೆಲಕ್ಕೆ ಆಂಕರ್ ಹಾಕಿ ಸ್ಪ್ರಿಂಗ್‌ನಿಂದ ಬಿಗಿಯುವ ಹೊದಿಕೆಗೆ ಹೋಗಿ. ಕೊಳ್ಳುವಾಗ ಎಷ್ಟು ಭಾರ ತಡೆಯುತ್ತದೆ ಎಂಬ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಕೆರೆಯ ಮಗಳು
ಕೊಳ ಇರಲೇಬೇಕೆಂದರೆ ಛಾವಣಿಯ ಮಳೆನೀರನ್ನು ಸೋಸಿ ಕೊಳಕ್ಕೆ ತುಂಬುವ ವ್ಯವಸ್ಥೆಯನ್ನಾದರೂ ಸಭೆಯ ಪಟ್ಟಿಗೆ ಸೇರಿಸಿ. ಟ್ಯಾಂಕರ್ ತರಿಸಬೇಡಿ. ಇಷ್ಟನ್ನು ನಡೆಸಿಕೊಡಿ.

ಕೊಳದ ಕಾರ್ಯದರ್ಶಿ
ಸೇರಿಸಿದ್ದೇನೆ. ಮಾತು ಕೊಡುತ್ತೇನೆ.

ಕೊಳದ ಕಾರ್ಯದರ್ಶಿ
ಸಭೆ ಮುಗಿಯಿತು. ಮೂರು ಗಂಟೆ ನಡೆಯಿತು. ನಾಯಿಮರಿಯ ಪ್ರಸಂಗವನ್ನು ಓದಿ ಹೇಳಿದೆ, ಅಲ್ಲಿಯವರೆಗೆ ಗದ್ದಲ ಮಾಡುತ್ತಿದ್ದವರೂ ಸುಮ್ಮನಾದರು. ತೀರ್ಮಾನ: ಪಶ್ಚಿಮದ ಅಂಚು ಬದಲಿಸಿ ದುರಸ್ತಿ. ಅಂಚಿಗೆ 4,000 ಹೆಚ್ಚಾಗಿ ಒಟ್ಟು 22,000 ಆಯಿತು. ಬೋಲ್ಟು ಇವತ್ತೇ ಕತ್ತರಿಸಿ ಮೇಲೆ ರಬ್ಬರ್ ಟೋಪಿ ಹಾಕಿಸಿದೆ. ಗೇಟಿಗೆ ತಾನಾಗಿ ಮುಚ್ಚುವ ಸ್ಪ್ರಿಂಗ್, ಎತ್ತರದಲ್ಲಿ ಚಿಲಕ, ಒಳಗೆ ಎರಡು ಕಡೆ ಗಂಟಿನ ಹಗ್ಗ. ಪ್ರತಿ ಮನೆಯಿಂದ ತಿಂಗಳಿಗೆ 100 ರೂಪಾಯಿ ಬೇರೆ ಖಾತೆಗೆ ಹೋಗುತ್ತದೆ, ಎರಡು ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ. ಆ ಹಣ ಸುರಕ್ಷತಾ ಹೊದಿಕೆಗೆ ಮಾತ್ರ. ಮಳೆನೀರಿನ ವಿಷಯಕ್ಕೆ ಉಪಸಮಿತಿ ಆಗಿದೆ.

ನೇಸರ
ನಾನು ಹೊಸದು ತನ್ನಿ ಎಂದವನು. ಮಾತು ಹಿಂತೆಗೆದುಕೊಳ್ಳುತ್ತೇನೆ.

ಚಳ್ಳಕೆರೆ ರೈತ
ಎರಡು ವರ್ಷದ ಮೇಲೆ ಆ ನೀಲಿ ಬಟ್ಟೆಯನ್ನು ಎಸೆಯಬೇಡಿ ಸಾರ್. ಶೇಂಗಾ ಹೊಟ್ಟಿನ ಬಣವೆಗೆ ಮುಚ್ಚಲು ನಮಗೆ ಬೇಕು. ಲಾರಿ ಬಾಡಿಗೆ ನಾನೇ ಕೊಡುತ್ತೇನೆ.

ರಸಾಯನ ಮೇಷ್ಟ್ರು
ದನ ತಿನ್ನುವ ಹೊಟ್ಟಿಗೆ ನೇರವಾಗಿ ತಾಗಿಸಬೇಡಿ, ಐದು ವರ್ಷ ಕ್ಲೋರಿನ್ ಕುಡಿದ ಬಟ್ಟೆ ಅದು. ಮಧ್ಯೆ ಸೋಗೆ ಹಾಸಿ, ಅದರ ಮೇಲೆ ಹೊದಿಸಿ.

ಚಳ್ಳಕೆರೆ ರೈತ
ಹಾಗಾದರೆ ಸೌದೆಗೆ ಮುಚ್ಚುತ್ತೇನೆ. ಬಣವೆಗೆ ಸೋಗೆಯೇ ಇರಲಿ.

ಕೊಳದ ಕಾರ್ಯದರ್ಶಿ
ನಿಮಗೇ ಎಂದು ಕಡತದಲ್ಲಿ ಬರೆದಿಟ್ಟಿದ್ದೇನೆ. ಬರುವಾಗ ನಮ್ಮ ಮನೆಗೆ ಊಟಕ್ಕೆ ಬನ್ನಿ.